ಬಸುರಿಗೆ ಹಾರೆ ಹಾಕದ ಹೊನ್ನಜ್ಜ

ಗದ್ದೆಗೆ ಇಳಿಯುವ ಮುನ್ನ ಹೊನ್ನಜ್ಜ ಬದುವಿನ ಮೇಲೆ ನಿಂತು ಒಮ್ಮೆ ಕೆಮ್ಮುತ್ತಿದ್ದ. ನೆಗಡಿಯ ಕೆಮ್ಮಲ್ಲ, ಹೆಂಗಸರಿರುವ ಮನೆಯ ಹೊಸ್ತಿಲು ದಾಟುವಾಗ ಮರ್ಯಾದಸ್ಥರು ಕೆಮ್ಮುತ್ತಾರಲ್ಲ, ಆ ಕೆಮ್ಮು. ಕಾನಸೂರಿನ ಕಡೆಯ ಆ ಊರಿನಲ್ಲಿ ಇದನ್ನು ಕಂಡು ನಗದವರಿರಲಿಲ್ಲ. ಸೊಸೆಯಾಗಿ ಬಂದ ಹೊಸದರಲ್ಲಿ ವೆಂಕಮ್ಮನೂ ಸೆರಗು ಬಾಯಿಗೊತ್ತಿ ನಕ್ಕವಳೇ. ಈಗ ಎಂಬತ್ತರ ಹತ್ತಿರವಿರುವ ಅವಳು ಮೊಮ್ಮಗಳು ಚೇತನಾಳಿಗೆ ಮಾವನ ಕತೆ ಹೇಳುವಾಗ ಮೊದಲು ಆ ಕೆಮ್ಮನ್ನು ಕೆಮ್ಮಿ ತೋರಿಸುತ್ತಾಳೆ, ಆಮೇಲೆ ನಡಿಗೆಯನ್ನು: ಕೈ ಎರಡನ್ನೂ ಬೆನ್ನಿಗೆ ಕಟ್ಟಿ, ಕಾಲುಗಳನ್ನು ಅಗಲಕ್ಕೆ ಎಸೆಯುತ್ತ, ಅವಸರವೆಂಬುದು ತನಗೆ ಸಂಬಂಧಿಸಿದ ವಿಷಯವೇ ಅಲ್ಲವೆಂಬಂತೆ.

ಅವನ ಆಸ್ತಿಯಲ್ಲಿ ಘನವಾದದ್ದೆಂದರೆ ಒಂದು ಖಾಕಿ ಕೋಟು. ಕಾಡಿನ ಗಾರ್ಡೊಬ್ಬ ವರ್ಗವಾಗಿ ಹೋಗುವಾಗ ಕೊಟ್ಟದ್ದು. ಐದು ಗುಂಡಿಗಳೂ ಐದು ಬಗೆಯವು. ಮದುವೆ ಮುಂಜಿಗೆ ಅದು ಹೊರಗೆ ಬಂದದ್ದಿಲ್ಲ, ಸಿದ್ದಾಪುರದ ಕಚೇರಿಗೆ ಮಾತ್ರ. "ಸರಕಾರದ ಮುಂದೆ ಬರೀ ಮೈಯಲ್ಲಿ ನಿಂತ್ರೆ ಮಾತು ಹೊರಡೂದಿಲ್ಲ" ಎನ್ನುತ್ತಿದ್ದ.

ಅದು ಉಳುವವನಿಗೇ ಹೊಲವೆಂಬ ಕಾನೂನು ಬಂದ ಕಾಲ. ಮೂರು ತಲೆಮಾರಿನಿಂದ ಗೇಣಿಗೆ ಮಾಡಿಕೊಂಡು ಬಂದ ಗದ್ದೆಗೆ ಹೊನ್ನಜ್ಜನೂ ಅರ್ಜಿ ಕೊಟ್ಟಿದ್ದ. ಮುಂದಿನ ವಾರದ ವಿಚಾರಣೆಗೆ ನಕ್ಷೆ ಹೋಗದಿದ್ದರೆ ಅರ್ಜಿ ಬಿದ್ದುಹೋಗುವುದಿತ್ತು. ಅಂತೂ ಸರ್ವೇಯರ್ ಅನಂತಮೂರ್ತಿ ಅಳತೆಯ ಸರಪಳಿ, ಹಾರೆ, ಗಡಿಕಲ್ಲುಗಳನ್ನು ಆಳುಗಳಿಗೆ ಹೊರಿಸಿಕೊಂಡು ಬಂದ. ಆದರೆ ಬಂದದ್ದು ಭೂಮಿ ಹುಣ್ಣಿಮೆಯ ದಿನ. ತೆನೆ ತುಂಬುತ್ತಿರುವ ಭೂಮಿಯನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟ ಬಡಿಸುವ ಹಬ್ಬ ಅದು. ಬೆಳಗಿನ ಜಾವವೇ ಹೊನ್ನಜ್ಜ ಸೊಪ್ಪು ಬೆರೆಸಿದ ಅನ್ನವನ್ನು ಗದ್ದೆಗೆಲ್ಲ ಬೀರಿ, ತಾಯಿಯನ್ನು ಉಣ್ಣಲು ಕರೆದು ಬಂದಿದ್ದ. ಆ ದಿನ ನೆಲ ಅಗೆಯುವುದು ಆ ಮನೆತನದಲ್ಲಿ ನಿಷಿದ್ಧ.

ಹಾರೆ ಕಂಡ ಹೊನ್ನಜ್ಜ ಒಳಗೆ ಹೋದ. ಹೊರಗೆ ಬಂದಾಗ ಮೈಮೇಲೆ ಕೋಟಿತ್ತು. ಇಲ್ಲವೆನ್ನುವುದಕ್ಕೂ ಕೋಟು ಬೇಕಲ್ಲ.

"ಇವತ್ತು ಬ್ಯಾಡ ಒಡೆಯಾ. ಬಸುರಿಗೆ ಯಾರಾದ್ರೂ ಹಾರೆ ಹಾಕ್ತಾರಾ?"

"ಇವತ್ತು ಬಿಟ್ರೆ ನಾನು ಬರೋದು ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ನಿನ್ನ ಅರ್ಜಿ ಇರೋದಿಲ್ಲ."

"ಇರದಿದ್ರೆ ಇಲ್ಲ."

ಹೆಂಡತಿ ಪಾರ್ವತವ್ವ ಬಾಗಿಲಲ್ಲೇ ಕುಸಿದು ಕುಳಿತಳು. "ಹಬ್ಬ ಬರೋ ವರ್ಷಾನೂ ಬತ್ತದೆ. ಗದ್ದೆ ಬತ್ತದಾ?" ಕಂಕುಳಲ್ಲಿ ಕೂಸು ಹೊತ್ತಿದ್ದ ವೆಂಕಮ್ಮನಿಗೆ ಮಾವನ ಮೇಲೆ ಅಂದು ಬಂದಷ್ಟು ಸಿಟ್ಟು ಮತ್ತೆಂದೂ ಬರಲಿಲ್ಲ.

ಹಬ್ಬದ ದಿನ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದುಂಟೆ? ಎಲೆ ಹಾಕಿದರು. ಮಡಿ ಮೈಲಿಗೆಯ ವಿಚಾರವೆಲ್ಲ ಮೂರು ಮೈಲಿಯ ನಡಿಗೆಯಲ್ಲಿ ಸವೆದಿತ್ತೋ ಏನೋ, ಅನಂತಮೂರ್ತಿ ಕೂತ. ಮೊದಲ ಕಡುಬನ್ನು ಸಿಟ್ಟಿನಲ್ಲೇ ಮುರಿದ, ನಾಲ್ಕನೆಯದರ ಹೊತ್ತಿಗೆ ತಣ್ಣಗಾದ. ಕೈ ತೊಳೆದವನು ಮೆಲ್ಲಗೆ, "ನಮ್ಮ ಮನೆಯಲ್ಲೂ ಏಳು ತಿಂಗಳು, ಹೊನ್ನ" ಎಂದ. ಬದುವಿನ ಮೇಲೆ ಸರಪಳಿ ಎಳೆದು ಅಳೆದ. ಗಡಿಕಲ್ಲುಗಳನ್ನು ನೆಡದೆ ಮೂಲೆ ಮೂಲೆಗೆ ಸುಮ್ಮನೆ ಇಟ್ಟ. "ನಾಳೆ ನೀನೇ ನೆಡು. ಒಂದಂಗುಲ ಅತ್ತಿತ್ತಾದ್ರೆ ಹೋಗೋದು ನನ್ನ ಕೆಲಸ."

ಗದ್ದೆ ಉಳಿಯುವ ಆಸೆ ಮರಳುತ್ತಲೇ ಪಾರ್ವತವ್ವನಿಗೆ ಜೀವ ಬಂತು, ಜೊತೆಗೆ ಬುದ್ಧಿಯೂ. "ಮೂಡಲ ಕಲ್ಲು ಒಂದು ಮಾರು ಆಚೆ ಹೋದ್ರೆ ಯಾರಿಗೆ ಕಾಣ್ತದೆ?" ಹೊನ್ನಜ್ಜ ಪ್ರತಿ ಕಲ್ಲಿನ ಸುತ್ತ ಬೂದಿಯ ಗೆರೆ ಎಳೆದು, ದನ ದೂಡದಿರಲೆಂದು ಸಂಜೆಯವರೆಗೆ ಕಾವಲು ಕೂತ. ಮರುದಿನ ನಾಲ್ಕೂ ಕಲ್ಲನ್ನು ಗೆರೆಯೊಳಗೇ ನೆಟ್ಟ. ವಿಚಾರಣೆ ನಡೆದು ಗದ್ದೆ ಅವನ ಹೆಸರಿಗಾಯಿತು. ಕೊಯ್ಲು ಮುಗಿದ ಮೇಲೆ ಹೊಸಕ್ಕಿಯ ಗಂಟು ಹೊತ್ತು, ಅನಂತಮೂರ್ತಿಯ ಮನೆಗೆ ಹೋಗಿ, ಹುಟ್ಟಿದ ಹೆಣ್ಣುಕೂಸನ್ನು ನೋಡಿ ಬಂದ.

ಇಂಥವರನ್ನು ಹಟಮಾರಿಗಳೆಂದು ಊರು ನಗುತ್ತದೆ. ಮನೆಯವರು ಎದೆ ಹಿಡಿದುಕೊಂಡು ಬಾಳುತ್ತಾರೆ, ಅದೂ ಸುಳ್ಳಲ್ಲ. ಆದರೆ ನೆಲವನ್ನು ಮನೆಯ ಹೆಣ್ಣುಮಗಳಂತೆ ಕಂಡವರಿಗೆ ಆ ನೆಲ ಎಂದೋ ಒಲಿದಿರುತ್ತದೆ. ಕಚೇರಿಯ ಕಾಗದ ತಡವಾಗಿ ಬರುತ್ತದೆ, ಅಷ್ಟೇ.