ಯಾರಿಗೂ ಹೇಳಬಾರದ ಸುದ್ದಿ

ಆಂಧ್ರ ಇನ್ನೂ ಒಡೆದಿರದ ಕಾಲ. ವಿಶಾಲಾಕ್ಷಿ ಪ್ರಯೋಗಾಲಯದಲ್ಲಿ ಏನು ಮಾಡುತ್ತಾಳೆಂದು ಮಲ್ಕಾಜ್‌ಗಿರಿಯ ಆ ಮನೆಯಲ್ಲಿ ಯಾರೂ ಕೇಳಿದವರಲ್ಲ. ಕೋಳಿಮೊಟ್ಟೆ ಮುಟ್ಟಿ ಬಂದವಳು ಸ್ನಾನ ಮಾಡಿಯೇ ಅಡುಗೆಮನೆಗೆ ಕಾಲಿಡಬೇಕು, ಅಷ್ಟೇ ಅವಳ ತಾಯಿ ಗೋದಾವರಿಬಾಯಿಯ ಕಾನೂನು. ಆ ಮೊಟ್ಟೆಯೊಳಗಿನ ಸೋಜಿಗ ಪುಣ್ಯಾತ್ಗಿತ್ತಿಗೆ ಏನು ಗೊತ್ತು! ಇಲ್ಲಿ ರೆಕ್ಕೆಯಾಗು, ಅಲ್ಲಿ ಕಣ್ಣಾಗು ಎಂದು ಎಳೆಯ ಜೀವಕೋಶಗಳಿಗೆ ಸುದ್ದಿ ಮುಟ್ಟಿಸುವುದು ಚೂರೇ ಚೂರು ರಾಸಾಯನಿಕ. ಎ ಜೀವಸತ್ವದಿಂದ ಹುಟ್ಟುವ ಒಂದು ಆಮ್ಲ ಅಂಥದ್ದು. ವಿಶಾಲಾಕ್ಷಿ ಅದನ್ನು ತುಸು ಹೆಚ್ಚಿಗೆ ಹಾಕಿದರೆ ಸಾಕು, ಕೋಶಗಳಿಗೆ ತಪ್ಪು ಸುದ್ದಿ ಹೋಗಿ ಮರಿಯ ಒಂದೇ ರೆಕ್ಕೆಯಲ್ಲಿ ಎರಡು ಸಾಲು ಬೆರಳು ಮೂಡುತ್ತಿದ್ದವು.

ಅಂದು ಸಂಜೆ ಅವಳು ಬಂದಾಗ ಮನೆತುಂಬ ತುಪ್ಪದ ಘಮ. ತಮ್ಮ ಪ್ರಾಣೇಶನ ಹೆಂಡತಿ ಪ್ರೇಮಾಗೆ ಮೂರು ತಿಂಗಳು ತುಂಬಿತ್ತು. ತುಂಬುವ ತನಕ ಬಸಿರಿನ ಸುದ್ದಿ ಯಾರ ಕಿವಿಗೂ ಬೀಳಬಾರದು, ದೃಷ್ಟಿಯಾಗುತ್ತದೆ. ಈ ಪದ್ಧತಿ ಅಲ್ಲಿ ಎಷ್ಟು ಬಿಗಿ ಎಂದರೆ, ಒಂದೇ ಸೂರಿನಡಿ ಇದ್ದ ವಿಶಾಲಾಕ್ಷಿಗೂ ಗೊತ್ತಾದದ್ದು ಆಗಲೇ. ಸಿಟ್ಟೂ ಬಂತು, ಹಿಗ್ಗೂ ಆಯಿತು. ನಾದಿನಿಯ ಸಲಿಗೆಯಲ್ಲಿ ಪ್ರೇಮಾಳ ಗಲ್ಲ ಹಿಡಿದು, ಮೊಡವೆಯೆಲ್ಲ ಎತ್ತ ಓಡಿಹೋದವು ಎಂದು ಚೇಷ್ಟೆ ಮಾಡಿದಳು.

ಪ್ರೇಮಾ ನಾಚಿಕೊಂಡು, ಮೆಹದಿಪಟ್ಟಣಂನ ಚರ್ಮದ ಡಾಕ್ಟರು ಕೊಟ್ಟ ಗುಳಿಗೆ ಎಂದು ಹೇಳಿ, ಒಳಗಿನಿಂದ ತಂದು ತೋರಿಸಿದಳು.

ವಿಶಾಲಾಕ್ಷಿ ಹೆಸರು ಓದಿದಳು. ತಾನು ಮೊಟ್ಟೆಗೆ ಹಾಕುವ ಆಮ್ಲದ ಒಡಹುಟ್ಟೇ ಅದು. ಕೂಸಿನ ಕಿವಿ, ಹೃದಯ, ಮಿದುಳು ರೂಪುಗೊಳ್ಳುವ ದಿನಗಳಲ್ಲೇ ಈ ಹುಡುಗಿ ಅದನ್ನು ತಪ್ಪದೆ ನುಂಗಿದ್ದಾಳೆ. ಅಯ್ಯೋ ದೇವರೇ! ಬಸುರಿಯರಿಗೆ ಕೊಡಲೇಬಾರದ ಗುಳಿಗೆ. ಆ ಹಾಳಾದ ಡಾಕ್ಟರು ಒಂದು ಮಾತು ವಿಚಾರಿಸಬಾರದಿತ್ತೇ?

"ಬಸುರಿ ಇದ್ದೀಯೇನು ಅಂತ ಅವರು ಕೇಳಲಿಲ್ಲೇನು ಪ್ರೇಮಾ?" ಎಂದಳು.

ಪ್ರೇಮಾ ಅತ್ತೆಯ ಮುಖ ನೋಡಿದಳು. ಹೋಳಿಗೆಗೆ ತುಪ್ಪ ಹಾಕುತ್ತಿದ್ದ ಗೋದಾವರಿಬಾಯಿ ಮಗಳ ಗಾಬರಿಗೆ ನಕ್ಕಳು.

"ಎರಡೆರಡು ಸಲ ಕೇಳಿದ್ರವಾ. ಬಾಜೂಕ ನಾನೇ ಕೂತಿದ್ದೆ. ಇನ್ನೂ ಏನೂ ಇಲ್ರಿ ಅಂತ ಹೇಳಿ ಬಂದೀನಿ. ಮೂರು ತಿಂಗಳು ತುಂಬಿರಲಿಲ್ಲಲ್ಲ."

ವಿಶಾಲಾಕ್ಷಿ ಗುಳಿಗೆಗಳನ್ನು ಮರಳಿ ಕೊಡದೆ ತನ್ನ ಚೀಲಕ್ಕೆ ಹಾಕಿಕೊಂಡಳು. ಪ್ರೇಮಾಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ಅಕ್ಕಾರ, ಇವತ್ತಿಂದೂ ತಗೊಂಡೀನ್ರಿ," ಎಂದಳು. "ಯಾಕ್ರಿ?"