ಸಪೋಟ ಮರದ ನಾಯಿಬೆಕ್ಕು

ಹಲಸೂರಿನ ರಾಮಲಕ್ಷ್ಮಮ್ಮನವರ ಅಂಗಳದಲ್ಲಿ ಒಂದು ಸಪೋಟ ಮರವಿದೆ, ಅವರು ಸೊಸೆಯಾಗಿ ಬಂದ ವರ್ಷ ನೆಟ್ಟದ್ದು. ಅದರಿಂದಾಗಿ ಮಗ ಮುನೀಂದ್ರನ ಹೊಸ ಕಾರು ಪೂರ್ತಿ ಒಳಗೆ ಹಿಡಿಸುವುದಿಲ್ಲ. ಮೂತಿ ಅಂಗಳದಲ್ಲಿ, ಬೆನ್ನು ಓಣಿಯಲ್ಲಿ. ಮರ ಕಡಿಸಬೇಕೆಂದು ಮಗ, ಕೂಡದೆಂದು ತಾಯಿ.

ಹೀಗಿರುವಾಗ ಒಂದು ಸಂಜೆ ಮರದ ಮೇಲೆ ಕಪ್ಪು ಮುಸುಡಿಯ, ಉದ್ದ ಬಾಲದ ಪ್ರಾಣಿಯೊಂದು ಕಾಣಿಸಿತು.

ಮಹಡಿಯ ಬಾಡಿಗೆದಾರ ಕಿಟ್ಟು, ವಿಮಾ ಕಚೇರಿಯ ನಿವೃತ್ತರು, ಕನ್ನಡಕ ಏರಿಸಿ ನೋಡಿ, "ಪುನುಗು ಬೆಕ್ಕು ಕಣ್ರೀ" ಎಂದರು.

ಎದುರುಮನೆಯ ಪೀರಮ್ಮನ ಮನೆಮಾತು ತಮಿಳು. "ಬೆಕ್ಕಾ? ಮರನಾಯ್ ಸಾರ್ ಅದು! ನಮ್ ತಾತನ ಕಾಲದಿಂದ್ಲೂ ನಾಯೇ."

ಒಂದೇ ಪ್ರಾಣಿ, ಕನ್ನಡಕ್ಕೆ ಬೆಕ್ಕು, ತಮಿಳಿಗೆ ನಾಯಿ. ಆದರೆ ಹಲಸೂರಿನಲ್ಲಿ ಭಾಷೆಗಳು ಜಗಳವಾಡುವುದಕ್ಕಿಂತ ಬೀಗತನ ಮಾಡುವುದೇ ಹೆಚ್ಚು. ಬೆಳಗಾಗುವಷ್ಟರಲ್ಲಿ ಓಣಿಯಲ್ಲಿ ನಾಯಿಬೆಕ್ಕು ಹುಟ್ಟಿತ್ತು: ಸೊಂಟದವರೆಗೆ ಬೆಕ್ಕು, ಅಲ್ಲಿಂದಾಚೆ ನಾಯಿ. ಹಿಂದೆ ಸದಾ ನಾಯಿ ಬರುತ್ತಿರುವುದರಿಂದ ಮುಂದಿನ ಬೆಕ್ಕು ಹೆದರಿ ಮರ ಹತ್ತುತ್ತದೆ; ವಾಸ ಮರದ ಮೇಲೇ ಆಗಲು ಕಾರಣ ಇದು ಎಂದು ಕಿಟ್ಟು ವಿವರಿಸಿದರು. ಯಾರೂ ನಗಲಿಲ್ಲ.

ಮುನೀಂದ್ರನಿಗೆ ದಾರಿ ಸಿಕ್ಕಿತು. "ನೋಡಮ್ಮ, ಕಚ್ಚಿದ್ರೆ ಯಾವ ಇಂಜೆಕ್ಷನ್ ಕೊಡ್ಬೇಕು ಅಂತ ಡಾಕ್ಟ್ರಿಗೂ ಗೊತ್ತಾಗಲ್ಲ. ಭಾನುವಾರ ಮರ ಕಡಿಸ್ಬಿಡ್ತೀನಿ."

ರಾಮಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತಲೇ ಇದ್ದರು. "ಕಡ್ಸಪ್ಪ. ಕಿಟ್ಟು ಅವ್ರೇ, ಮರ ಹೋದ್ರೆ ಪಾಪ, ಅದು ಎಲ್ಲಿಗ್ ಹೋಗುತ್ತೆ?"

ಪ್ರತಿ ಫಸಲಿನ ಮೊದಲ ಬುಟ್ಟಿ ಸಪೋಟ ಮಹಡಿಗೇ ಹೋಗುತ್ತಿತ್ತು. ಕಿಟ್ಟು ತಡಮಾಡಲಿಲ್ಲ. "ಬೆಚ್ಚಗಿರೋ ಜಾಗ ಹುಡುಕುತ್ತಮ್ಮ. ಕಾರಿನ ಬಾನೆಟ್ ಅಂದ್ರೆ ಅದಕ್ಕೆ ತವರುಮನೆ."

"ಊಟಕ್ಕೆ?"

"ಹಣ್ಣು. ಸಿಗದಿದ್ರೆ ವೈರು."

"ಕೆಂಪು ವೈರು ಫಸ್ಟು ಅಕ್ಕಾ" ಎಂದಳು ಪೀರಮ್ಮ.

"ಸುಮ್ನಿರಿ ಆಂಟಿ, ರೀಲು ಬಿಡ್ಬೇಡಿ" ಎಂದ ಮುನೀಂದ್ರ. ಎಂದವನು ಹೋಗಿ ಬಾನೆಟ್ ಎತ್ತಿ ನೋಡಿದ.

ಭಾನುವಾರ ಕೊಡಲಿ ಬರಲಿಲ್ಲ. ಕಾರಿನ ಬೆನ್ನು ಇನ್ನೂ ಓಣಿಯಲ್ಲೇ ಇದೆ. ಮೊನ್ನೆ ಮರದಲ್ಲಿ ಹಣ್ಣು ಮುಗಿದಾಗ ಮುನೀಂದ್ರನೇ ಚೀಲ ಹಿಡಿದು ಶಿವಾಜಿನಗರದ ಮಾರ್ಕೆಟ್ಟಿಗೆ ಹೊರಟ. ಗೇಟಿನ ಬಳಿ ನಿಂತು ಕೇಳಿದ:

"ಅಮ್ಮ, ಅದಕ್ಕೆ ಪಚ್ಚಬಾಳೆ ಆಗುತ್ತಾ?"

"ತಿನ್ನೋದು ಬೆಕ್ಕಿನ ಕಡೆ ಕಣೋ, ನಾಜೂಕು ಜಾಸ್ತಿ" ಎಂದರು ರಾಮಲಕ್ಷ್ಮಮ್ಮ. "ಏಲಕ್ಕಿ ಬಾಳೇನೇ ತಾ."