ಇಂಜಿನ್ ಕೂರಿಸಿದವಳು

ಅಂಗಡಿಯ ಮುಂಭಾಗಕ್ಕೂ ಹಿಂದಿನ ಕೋಣೆಗೂ ನಡುವೆ ಒಂದು ಹಸಿರು ಪರದೆ ಇತ್ತು. ಪರದೆಯ ಈಚೆ ಗಾಜಿನ ಕಪಾಟು, ಕಪಾಟಿನ ತುಂಬ ರಿಮೋಟಿನಲ್ಲಿ ಓಡುವ, ಪುಟ್ಟ ಇಂಜಿನ್ನಿನ ಕಾರು, ದೋಣಿ, ಟ್ರಕ್ಕುಗಳು, ತಿರುಗುವ ಕುರ್ಚಿಯಲ್ಲಿ ಚಿಕ್ಕಪ್ಪ. ಪರದೆಯ ಆಚೆ ಒಂದು ಬೆಂಚು, ಒಂದು ಟ್ಯೂಬ್‌ಲೈಟು, ಅದರ ಕೆಳಗೆ ಅವಳು. ರಿಪೇರಿಗೆ ಬಂದದ್ದೆಲ್ಲ ಚಿಕ್ಕಪ್ಪನ ಕೈಯಿಂದ ಒಳಗೆ ಹೋಗಿ, ಸರಿಯಾಗಿ, ಮತ್ತೆ ಚಿಕ್ಕಪ್ಪನ ಕೈಗೇ ಬರುತ್ತಿತ್ತು. ಅರ ಉಜ್ಜುವ ಸದ್ದು ಕೇಳಿ ಯಾರಾದರೂ ಗಿರಾಕಿ ಒಳಗೇನದು ಕರಕರ ಎಂದು ಕೇಳಿದರೆ, "ಇಲಿ ಸಾರ್. ಎಷ್ಟು ಹಿಡಿದ್ರೂ ಹೋಗಲ್ಲ" ಎನ್ನುತ್ತಿದ್ದ. ಗಿರಾಕಿ ನಗುತ್ತಿದ್ದ. ಆ ತಮಾಷೆ ಎಷ್ಟು ಸಲ ನಡೆಯಿತೆಂದರೆ ಮನೆಯಲ್ಲೂ ಅವಳಿಗೆ ಇಲಿ ಎಂಬ ಹೆಸರೇ ಗಟ್ಟಿಯಾಯಿತು. ಅವಳ ಅಮ್ಮ ಕೂಡ ಕೆಲವೊಮ್ಮೆ ಮರೆತು ಹಾಗೆ ಕರೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಅಪ್ಪ ತೀರಿಕೊಂಡ ವರ್ಷವೇ ಅವಳು ಶಾಲೆ ಬಿಟ್ಟಿದ್ದಳು, ಒಂಬತ್ತನೆಯ ತರಗತಿಯ ನಡುವೆ. ತಾಯಿ ಮಗಳಿಗೆ ಚಿಕ್ಕಪ್ಪ ಅಂಗಡಿಯ ಮೇಲಿನ ಕೋಣೆ ಕೊಟ್ಟ. ಅಮ್ಮ ಅವನ ಮನೆಯ ಒಲೆ ನೋಡಿಕೊಂಡಳು, ಮಗಳು ಮೊದಲು ಕಸ ಗುಡಿಸಿದಳು, ಆಮೇಲೆ ಬಿದ್ದ ಸ್ಕ್ರೂ ಹೆಕ್ಕಿದಳು, ಆಮೇಲೆ ಹೆಕ್ಕಿದ ಸ್ಕ್ರೂ ಎಲ್ಲಿಯದು ಎಂದು ಯೋಚಿಸತೊಡಗಿದಳು. ಯಾರೂ ಕಲಿಸಲಿಲ್ಲ. ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಹಳೆಯ ಟವೆಲಿನ ಮೇಲೆ ಇಡುತ್ತಾ, ಹಾಗೇ ಹಿಂದಿನಿಂದ ಜೋಡಿಸುತ್ತಾ ಕಲಿತಳು. ಬೆಂಚಿಗೆ ಕೂತು ಐದು ವರ್ಷವಾಗಿತ್ತು. ಈ ಐದು ವರ್ಷದಲ್ಲಿ ಅವಳು ಗಿರಾಕಿಗಳ ಧ್ವನಿಗಳನ್ನು ಅರಿತಿದ್ದಳು, ಮುಖಗಳನ್ನಲ್ಲ.

ಪರದೆ ಸರಿಸಿ ಒಳಗೆ ಇಣುಕಿದವರು ಒಬ್ಬರೇ, ಇಂಜಿನ್ ತರಬೇತಿ ಕೇಂದ್ರದ ಮೇಷ್ಟ್ರು. ಪಂಪು, ಜನರೇಟರು, ಹುಲ್ಲು ಕತ್ತರಿಸುವ ಯಂತ್ರ, ಇಂಥವುಗಳ ರಿಪೇರಿ ಕಲಿಸುವ ಜಾಗ ಅದು. ಈ ರಿಮೋಟ್ ಗಾಡಿಗಳ ಭಾನುವಾರದ ರೇಸುಗಳಲ್ಲಿ ಸ್ಟಾಪ್‌ವಾಚ್ ಹಿಡಿಯುವವರೂ ಅವರೇ. ಒಮ್ಮೆ ಚಿಕ್ಕಪ್ಪ ಊಟಕ್ಕೆ ಹೋದಾಗ ಏನೋ ಸಣ್ಣ ಸಾಮಾನಿಗೆ ಬಂದವರು, ಕೂಗಿದರೆ ಉತ್ತರವಿಲ್ಲ ಎಂದು ಪರದೆ ಎತ್ತಿದರು. ಅವಳು ಎರಡು ಹಲ್ಲುಚಕ್ರಗಳ ನಡುವೆ ಕಾಗದದ ಚೂರು ಸಿಕ್ಕಿಸಿ, ಒತ್ತಿ ಹಿಡಿದು, ಸ್ಕ್ರೂ ಬಿಗಿದು, ಆಮೇಲೆ ಕಾಗದ ಎಳೆದು ತೆಗೆಯುತ್ತಿದ್ದಳು. ಕಾಗದದಷ್ಟು ಸಂದು ಉಳಿದರೆ ಹಲ್ಲು ಸವೆಯುವುದಿಲ್ಲ. ಮೇಷ್ಟ್ರು ನಿಂತು ನೋಡಿದರು. ಯಾರು ಹೇಳಿಕೊಟ್ಟರು ಎಂದು ಕೇಳಿದರು. ಅವಳು ಯಾರೂ ಇಲ್ಲ ಎಂದು ತಲೆಯಾಡಿಸಿದಳು. ಶಾಲೆಯ ಸರ್ಟಿಫಿಕೇಟು ಇಲ್ಲದವರನ್ನು ಸೇರಿಸಿಕೊಳ್ಳಲು ಕೇಂದ್ರದಲ್ಲಿ ಒಂದು ದಾರಿ ಇದೆ ಎಂದು ಅವರು ಹೇಳಿದ್ದು ಆವತ್ತೇ. ಮೂರು ವರ್ಷಕ್ಕೆ ಕಡಿಮೆಯಿಲ್ಲದಂತೆ ಇಂಜಿನ್ ಕೆಲಸ ಮಾಡಿದ್ದಾರೆ ಎಂದು ಕೆಲಸ ಕೊಟ್ಟವರು ಬರೆದುಕೊಡಬೇಕು, ಅಂಗಡಿಯ ಹೆಸರಿನ ಕಾಗದ, ಸಹಿ, ಸೀಲು. ತಿಂಗಳ ಕೊನೆಯೊಳಗೆ.

ಚಿಕ್ಕಪ್ಪನ ಮುಂದೆ ಬಾಯಿ ಬಿಡಲು ಅವಳಿಗೆ ಹತ್ತು ದಿನ ಹಿಡಿಯಿತು. ಬಿಟ್ಟಾಗ ಅವನು ಸಿಟ್ಟಾಗಲಿಲ್ಲ, ಅದೇ ಅವಳಿಗೆ ಆಶ್ಚರ್ಯ. ಕುರ್ಚಿ ಒಂದು ಸುತ್ತು ತಿರುಗಿಸಿ ಕಪಾಟಿನ ಮೇಲಿದ್ದ ಪೆಟ್ಟಿಗೆ ತೋರಿಸಿದ. ಟೈಲ್ಸ್ ಅಂಗಡಿಯ ಸಾಹುಕಾರರ ಮಾನ್‌ಸ್ಟರ್ ಟ್ರಕ್ ಅದು. ಕೆಂಪು ಬಾಡಿ, ಮಗುವಿನ ತಲೆಯಷ್ಟು ದಪ್ಪದ ನಾಲ್ಕು ಚಕ್ರ. ಸಾಹುಕಾರರ ಭಾವಮೈದುನನ ಟ್ರಕ್ಕು ಪ್ರತಿ ಭಾನುವಾರ ಇದಕ್ಕೆ ಮಣ್ಣು ಮುಕ್ಕಿಸುತ್ತಿತ್ತು. ಇದಕ್ಕೊಂದು ದೊಡ್ಡ ಇಂಜಿನ್ ಕೂರಿಸಬೇಕು, ಮುಂದಿನ ರೇಸಿನಲ್ಲಿ ಅದು ಓಡಬೇಕು.

"ಇದು ಓಡಲಿ, ಆವತ್ತೇ ಬರೆದು ಕೊಡ್ತೀನಿ. ನಿನ್ನ ಹೊಟ್ಟೆ ಮೇಲೆ ಹೊಡೆದು ನನಗೇನಾಗಬೇಕು?"

ಅವಳಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

ದೊಡ್ಡ ಇಂಜಿನ್ ಎಂದರೆ ಹಳೆಯದನ್ನು ಕಿತ್ತು ಹೊಸದನ್ನು ಇಡುವುದು ಎಂದು ಹೊರಗಿನವರು ತಿಳಿಯುತ್ತಾರೆ. ಹೊಸದರ ಕಾಲುಗಳು ಹಳೆಯ ತೂತುಗಳ ಮೇಲೆ ಕೂರಲಿಲ್ಲ. ಅವಳು ತೂತುಗಳನ್ನು ಕೂದಲೆಳೆಯಷ್ಟಷ್ಟೇ ಅರದಿಂದ ಉದ್ದ ಮಾಡಿದಳು. ಹಳೆಯ ಇಂಜಿನ್ನಿಗೆ ಸಾಕಾಗಿದ್ದ ಚಕ್ರದ ಅಚ್ಚುಗಳು ಹೊಸದರ ಜೋರಿಗೆ ಮೇಣದ ಕಡ್ಡಿಯಂತೆ ತಿರುಚಿಕೊಳ್ಳುತ್ತವೆ ಎಂದು ಗೊತ್ತಿದ್ದರಿಂದ ಉಕ್ಕಿನವನ್ನು ಹಾಕಿದಳು. ಬ್ರೇಕಿನ ತಟ್ಟೆ ಬದಲಿಸಿದಳು, ಓಡುವುದಕ್ಕಿಂತ ನಿಲ್ಲುವುದು ಮುಖ್ಯ ಎಂಬುದು ಅವಳ ಲೆಕ್ಕ. ನಾಲ್ಕು ದಿನ ಅದರ ಮುಂದೆ ಕೂತು, ಐದನೆಯ ದಿನ ಮೊದಲ ಸಲ ಅದು ಉಸಿರಾಡಿದಾಗ ಬೆಂಚಿನ ಮೇಲಿದ್ದ ಸ್ಕ್ರೂ ಡಬ್ಬಿಗಳೆಲ್ಲ ನಡುಗಿದವು.

ಆಮೇಲಿನದು ತಾಳ್ಮೆಯ ಕೆಲಸ. ಹೊಸ ಇಂಜಿನ್ನನ್ನು ಮೊದಲ ದಿನವೇ ಜೋರಾಗಿ ಓಡಿಸಿದರೆ ಅದು ಸತ್ತಂತೆಯೇ. ಅಂಗಡಿ ಪಕ್ಕದ ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ ಬೆಳಿಗ್ಗೆ ಬೆಳಿಗ್ಗೆ ಅವಳು ಅದನ್ನು ಹಸುಗೂಸಿಗೆ ನಡೆ ಕಲಿಸುವಂತೆ ಸುತ್ತು ಹಾಕಿಸಿದಳು. ಒಂದು ಟ್ಯಾಂಕು, ಆಮೇಲೆ ತಣ್ಣಗಾಗುವ ತನಕ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂರುವುದು, ಇನ್ನೊಂದು ಟ್ಯಾಂಕು. ಇಂಜಿನ್ನಿನ ತಲೆಯ ಮೇಲೆ ಒಂದು ಹನಿ ನೀರು ಬಿಟ್ಟು ಅದು ಸಿಡಿಯುತ್ತದೋ, ನಿಧಾನ ಆರುತ್ತದೋ ನೋಡುವುದು. ಹೀಗೆ ಆರು ಟ್ಯಾಂಕು. ಇಂಜಿನ್ನಿಗೆ ಎಷ್ಟು ಇಂಧನ ಹೋಗಬೇಕೆಂದು ತಿದ್ದುವ ಕಾರ್ಬ್ಯುರೇಟರಿನ ಸೂಜಿ ಸ್ಕ್ರೂವನ್ನು ಪೂರ್ತಿ ಮುಚ್ಚಿ, ಅಲ್ಲಿಂದ ಮೂರೂಕಾಲು ಸುತ್ತು ತೆರೆದರೆ ಈ ಇಂಜಿನ್ನಿಗೆ ಸರಿ ಎಂದು ಕಂಡುಕೊಂಡಳು. ಹಾಗಿಟ್ಟರೆ ಅದರ ಹಿಂದೆ ನೀಲಿ ಹೊಗೆಯ ಒಂದು ಎಳೆ ಬರುತ್ತಿತ್ತು. ಈ ಪುಟ್ಟ ಇಂಜಿನ್ನುಗಳಿಗೆ ಬೇರೆ ಎಣ್ಣೆ ಇಲ್ಲ, ಕುಡಿಯುವ ಇಂಧನದಲ್ಲೇ ಎಣ್ಣೆ ಬೆರೆತಿರುತ್ತದೆ. ಹೊಗೆ ಇದೆ ಎಂದರೆ ಒಳಗೆ ಎಣ್ಣೆ ಇದೆ, ಜೀವ ಇದೆ.

ಶನಿವಾರ ಚಿಕ್ಕಪ್ಪ ನೋಡಲು ಬಂದ. ಅವನು ಈ ಅಂಗಡಿ ಇಡುವ ಮೊದಲು ಇಪ್ಪತ್ತು ವರ್ಷ ಸ್ಕೂಟರ್ ಗ್ಯಾರೇಜು ನಡೆಸಿದವನು. ಹೊಗೆ ಉಗುಳುವ ಸ್ಕೂಟರನ್ನು ತಳ್ಳಿಕೊಂಡು ವಾಪಸ್ ಬಂದ ಗಿರಾಕಿಗಳ ಬೈಗುಳ ಅವನ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಮೂಗು ಮುರಿದ.

"ಏನೇ ಇದು, ಒಲೆ ಹಚ್ಚಿದ ಹಾಗೆ? ಸಾಹುಕಾರರು ನೋಡಿದ್ರೆ ಮುಖಕ್ಕೆ ಉಗೀತಾರೆ."

"ಅದು ಇರಬೇಕು ಚಿಕ್ಕಪ್ಪ," ಎಂದಳು ಅವಳು. ಯಾಕೆ ಎಂದೂ ಹೇಳಿದಳು, ಆದರೆ ನೆಲ ನೋಡುತ್ತಾ ಹೇಳಿದ್ದರಿಂದ ಅದು ಮಾತಿನಂತೆ ಕೇಳಲಿಲ್ಲ.

"ನೀನು ಹುಟ್ಟೋ ಮೊದಲು ಇಂಜಿನ್ ಬಿಚ್ಚಿದವನು ನಾನು," ಎಂದು ಅವನು ಹೊರಟು ಹೋದ.

ಭಾನುವಾರ ಮೈದಾನದಲ್ಲಿ ಮಣ್ಣಿನ ದಿಬ್ಬಗಳು, ಹಗ್ಗ ಕಟ್ಟಿದ ಸುತ್ತು, ಮಡಿಸುವ ಮೇಜುಗಳ ಸಾಲು. ಅವಳು ಬಂದದ್ದು ಸಾಮಾನಿನ ಚೀಲ ಹೊರುವುದಕ್ಕೆ ಎಂದು ಎಲ್ಲರೂ ತಿಳಿದರು, ಚಿಕ್ಕಪ್ಪ ಹಾಗೆಯೇ ನಡೆಸಿಕೊಂಡ. ಸಾಹುಕಾರರು ದೊಡ್ಡ ಹೊಟ್ಟೆಯ, ದೊಡ್ಡ ನಗೆಯ ಮನುಷ್ಯ. ಟ್ರಕ್ಕಿನ ಬಾಡಿ ಎತ್ತಿ ಹೊಸ ಇಂಜಿನ್ನನ್ನು ನೋಡಿ ಭಾವಮೈದುನನಿಗೆ ಕೇಳುವಂತೆ ಹಲ್ಲಿನಲ್ಲೇ ಸಿಳ್ಳೆ ಹಾಕಿದರು. ಎಷ್ಟು ಚೊಕ್ಕಟ ಕೆಲಸ, ಯಾರ ಕೈ ಎಂದರು. ಇಪ್ಪತ್ತು ವರ್ಷದ ಕೈ ಸಾರ್ ಎಂದು ಚಿಕ್ಕಪ್ಪ ಅಂಗೈ ಚಾಚಿ ತೋರಿಸಿದ. ಅವಳಿಗೆ ನೋವಾಗಲಿಲ್ಲ. ಹೊಗಳಿಕೆ ಯಾರಾದರೂ ಇಟ್ಟುಕೊಳ್ಳಲಿ, ಆ ಕಾಗದ ಒಂದು ತನ್ನದಾದರೆ ಸಾಕು.

ಇಂಧನದ ಸೀಸೆ ತಾವು ಬಂದ ಗಾಡಿಯಲ್ಲೇ ಉಳಿದಿತ್ತು. ತರಲು ಹೋದಳು. ತಂದು ಕೊಡುವಾಗ ಚಿಕ್ಕಪ್ಪ ಸ್ಕ್ರೂಡ್ರೈವರನ್ನು ಜೇಬಿಗೆ ಸೇರಿಸುತ್ತಿದ್ದ. ಅದನ್ನು ಅವಳು ನೋಡಿದಳು. ನೋಡುವುದೇ ಅವಳ ಹುಟ್ಟುಗುಣ. ಆದರೆ ಏನು ನೋಡಿದೆ ಎಂದು ಅರ್ಥವಾಗುವ ಹೊತ್ತಿಗೆ ಟ್ರಕ್ಕು ಸಾಲಿನಲ್ಲಿ ನಿಂತಿತ್ತು, ಮೇಷ್ಟ್ರು ಬಾವುಟ ಬೀಸಿದ್ದರು.

ಅದು ಓಡಿತು. ಎಂಥ ಓಟ! ಮೊದಲ ದಿಬ್ಬದ ಮೇಲೆ ಎದೆಯೆತ್ತರ ಹಾರಿ ನಾಲ್ಕೂ ಚಕ್ರದ ಮೇಲೆ ಇಳಿಯಿತು. ಭಾವಮೈದುನನ ಟ್ರಕ್ಕು ಅದರ ಧೂಳು ಕುಡಿಯಿತು. ಸಾಹುಕಾರರು ರಿಮೋಟು ಹಿಡಿದು ಎಳೆ ಹುಡುಗನಂತೆ ಕುಣಿದರು. ಅವಳು ಮಾತ್ರ ಟ್ರಕ್ಕನ್ನು ನೋಡಲಿಲ್ಲ, ಅದರ ಹಿಂದೆ ನೋಡಿದಳು. ಗಾಳಿ ಚೊಕ್ಕವಾಗಿತ್ತು. ಒಂದೆಳೆ ಹೊಗೆ ಇಲ್ಲ. ಸದ್ದು ಸುತ್ತಿನಿಂದ ಸುತ್ತಿಗೆ ಕೀರಲಾಗುತ್ತಿತ್ತು.

ಅವಳು ಚಿಕ್ಕಪ್ಪನ ತೋಳು ಮುಟ್ಟಿದಳು. ಹಿಂದೆಂದೂ ಮುಟ್ಟಿದವಳಲ್ಲ. "ಹೊಗೆ ಇಲ್ಲ. ನಿಲ್ಲಿಸೋಕೆ ಹೇಳಿ ಚಿಕ್ಕಪ್ಪ."

"ಈಗ ನೋಡು ಹೇಗೆ ಓಡ್ತಿದೆ," ಎಂದ ಅವನು, ಕಣ್ಣು ಕದಲಿಸದೆ. ಮುಖದಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು. ಕೆಟ್ಟದ್ದು ಮಾಡಿದವನ ಮುಖವಲ್ಲ ಅದು.

ನಾಲ್ಕನೆಯ ಸುತ್ತಿನ ತಿರುವಿನಲ್ಲಿ ಕೀರಲು ಸದ್ದು ಕತ್ತರಿಸಿದಂತೆ ನಿಂತಿತು. ಟ್ರಕ್ಕು ಒಂದು ಮಾರು ಜಾರಿ ಹಗ್ಗಕ್ಕೆ ಮುಖ ಕೊಟ್ಟು ನಿಂತಿತು. ಭಾವಮೈದುನನ ಟ್ರಕ್ಕು ಪಕ್ಕದಿಂದ ಪುರುಪುರು ಎನ್ನುತ್ತಾ ಹೋಯಿತು, ಹಿಂದೆ ನೀಲಿ ಹೊಗೆ ಬಿಡುತ್ತಾ.

ಮೇಜಿನ ಮೇಲಿಟ್ಟು ಬಿಚ್ಚಿದರೆ ಇಂಜಿನ್ನು ಕಲ್ಲಿನಂತೆ ಹಿಡಿದುಕೊಂಡಿತ್ತು, ತಿರುಗಿಸಿದರೆ ತಿರುಗಲಿಲ್ಲ. ಸಾಹುಕಾರರ ನಗೆ ಎಲ್ಲಿ ಹೋಯಿತೋ. ಇದೇನ್ರೀ ಇಪ್ಪತ್ತು ವರ್ಷದ ಕೈ ಎಂದು ಎಲ್ಲರ ಮುಂದೆ ಕೇಳಿದರು. ಭಾವಮೈದುನ ಹತ್ತಿರ ಬಂದು ನಿಂತಿದ್ದ. ಚಿಕ್ಕಪ್ಪ ತಿರುಗಿ, ಚೀಲದ ಪಕ್ಕ ನಿಂತಿದ್ದ ಅವಳ ಹೆಗಲ ಮೇಲೆ ಕೈಯಿಟ್ಟು ಮುಂದಕ್ಕೆ ತಂದ.

"ನಿಜ ಹೇಳಿಬಿಡ್ತೀನಿ ಸಾರ್. ಇದು ನಾನು ಮಾಡಿದ್ದಲ್ಲ. ಇಂಜಿನ್ ಕೂರಿಸಿದ್ದು ಇವಳು. ಮೊದಲಿಂದ ಕೊನೇ ತನಕ ಪೂರ್ತಿ ಇವಳದ್ದೇ ಕೆಲಸ. ಹುಡುಗಿ, ಆಸೆ ಪಟ್ಟಳು, ಬಿಟ್ಟೆ."

ಐದು ವರ್ಷದಿಂದ ಕೇಳಬೇಕೆಂದಿದ್ದ ಮಾತು ಅದು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಜನರೆಲ್ಲ ತನ್ನ ಮುಖ ನೋಡುತ್ತಿರುವುದು ಅವಳಿಗೆ ಬಿಸಿಲು ತಾಗಿದಂತೆ ತಾಗಿತು. ಭಾವಮೈದುನ, ಹುಡುಗಿ ಕೂರಿಸಿದ್ದು ಮತ್ತೆ ಹೇಗೆ ಓಡೀತು ಎಂದು ಪಕ್ಕದವನಿಗೆ ಹೇಳಿ ನಕ್ಕ.

ಮೇಷ್ಟ್ರು ಸ್ಟಾಪ್‌ವಾಚ್ ಜೇಬಿಗಿಟ್ಟು ಬಂದರು. ಯಾರನ್ನೂ ಬೈಯಲಿಲ್ಲ. ಇಂಜಿನ್ನನ್ನು ಕೈಗೆತ್ತಿಕೊಂಡು, "ಸೂಜಿ ಎಷ್ಟಕ್ಕೆ ಇಟ್ಟಿದ್ದೆಯಮ್ಮ?" ಎಂದು ಅವಳನ್ನು ಕೇಳಿದರು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ಹೆಗಲ ಮೇಲಿದ್ದ ಕೈ ಒಂದಿಷ್ಟು ಬಿಗಿಯಾಯಿತು. ಸುಮ್ಮನಿದ್ದರೆ ನಾಳೆ ಕಾಗದ ಸಿಕ್ಕರೂ ಸಿಕ್ಕೀತು ಎಂದು ಆ ಬಿಗಿ ಹೇಳುತ್ತಿತ್ತು, ಅವಳಿಗೆ ಅರ್ಥವೂ ಆಯಿತು. ಆದರೆ ಇಂಜಿನ್ನು ಮೇಷ್ಟ್ರ ಕೈಯಲ್ಲಿತ್ತು, ಅದನ್ನು ಕೊಂದವಳು ತಾನು ಎಂದು ಈ ಮನುಷ್ಯ ತಿಳಿಯುವುದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ.

"ಮೂರೂಕಾಲು ಸುತ್ತು," ಎಂದಳು.

ಮೇಷ್ಟ್ರು ಎಲ್ಲರಿಗೂ ಕಾಣುವಂತೆ ಸ್ಕ್ರೂ ಮುಚ್ಚುತ್ತಾ ಬಾಯಿಬಿಟ್ಟು ಎಣಿಸಿದರು. ಒಂದು. ಎರಡು. ಎರಡೂಕಾಲು. ಅಲ್ಲಿಗೆ ಮುಗಿಯಿತು. ಅವರು ತಲೆ ಎತ್ತಿ ಚಿಕ್ಕಪ್ಪನ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಸ್ಕ್ರೂಡ್ರೈವರನ್ನು ನೋಡಿದರು, ಅಷ್ಟೆ. ಸಾಹುಕಾರರಿಗೆ ಮೊದಲು ಅರ್ಥವಾಗಲಿಲ್ಲ, ಆದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಂಗಡೀಲಿ ಇಲಿ ಇಲಿ ಅಂತಿದ್ದದ್ದು ಇದೇನಾ? ಸ್ಕ್ರೂಡ್ರೈವರ್ ಇಲಿಗೆ ಕೊಟ್ಟು ನೀವು ಒಳಗೆ ಹೋಗಿ ಕೂತ್ಕೊಳ್ಳಿ ಮಾರಾಯ್ರೇ."

ಎಲ್ಲರೂ ನಕ್ಕರು. ಅವಳು ಆ ಕ್ಷಣ ಚಿಕ್ಕಪ್ಪನ ಮುಖ ನೋಡಿದಳು. ನೋಡಬಾರದಿತ್ತು.

ಮನೆಯಲ್ಲಿ ಅಮ್ಮನಿಗೆ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ಅಮ್ಮ ಅಳಲೂ ಇಲ್ಲ, ಬೈಯಲೂ ಇಲ್ಲ, ಹಾಸಿಗೆ ಮಡಿಸುತ್ತಾ, "ಒಂದು ಸಂಖ್ಯೆ ಹೇಳದೆ ಇದ್ದಿದ್ರೆ ಏನು ಹೋಗ್ತಿತ್ತು ನಿಂಗೆ?" ಎಂದಳು. ಮೇಲಿನ ಕೋಣೆ ಯಾರದು ಎಂದು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಮೂರು ದಿನದ ಮೇಲೆ, ತಿಂಗಳ ಕೊನೆಯ ದಿನ, ಬೆಂಚಿನ ಮೇಲೆ ಒಂದು ಲಕೋಟೆ ಇತ್ತು. ಕೊಟ್ಟ ಮಾತು ತಪ್ಪುವವನಲ್ಲ ನಾನು ಎಂದು ಚಿಕ್ಕಪ್ಪ ಪರದೆಯ ಹೊರಗಿನಿಂದಲೇ ಹೇಳಿದ. ಅಂಗಡಿಯ ಹೆಸರಿನ ಕಾಗದ, ಸಹಿ, ನೀಲಿ ಸೀಲು. ಅಕ್ಷರ ದುಂಡಗಿತ್ತು. ಇವರು ನಮ್ಮ ಅಂಗಡಿಯಲ್ಲಿ ಐದು ವರ್ಷದಿಂದ ಕಸ ಗುಡಿಸುವ, ಕಪಾಟು ಒರೆಸುವ, ಸಾಮಾನು ಎತ್ತಿಡುವ ಕೆಲಸ ಮಾಡುತ್ತಿದ್ದಾರೆ. ನಡತೆ ತೃಪ್ತಿಕರ.

ಅವಳು ಅದನ್ನು ಎರಡು ಸಲ ಓದಿದಳು. ಬೆಂಚಿನ ಆ ತುದಿಯಲ್ಲಿ ಸಾಹುಕಾರರ ಟ್ರಕ್ಕು, ಪಕ್ಕದಲ್ಲಿ ಹೊಸ ಪಿಸ್ಟನ್ನಿನ ಪೆಟ್ಟಿಗೆ, ಇವಳೇ ಮಾಡಲಿ ಎಂದು ಸಾಹುಕಾರರು ಹೇಳಿ ಹೋಗಿದ್ದರಂತೆ. ಅವಳು ಟ್ಯೂಬ್‌ಲೈಟು ಆರಿಸಿ, ಲಕೋಟೆ ಹಿಡಿದು, ಮುಂದಿನ ಬಾಗಿಲಿನಿಂದಲೇ ಹೊರಗೆ ಹೋದಳು. ಎಲ್ಲಿಗೆ ಎಂದು ಚಿಕ್ಕಪ್ಪ ಕೇಳಿದ. ಕಾಗದ ಕೊಟ್ಟು ಬರುತ್ತೇನೆ ಎಂದಳು.

ಮೇಷ್ಟ್ರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಅವರ ಮೇಜಿನ ಹಿಂದೆ ದೊಡ್ಡ ಕಿಟಕಿ, ಕಿಟಕಿಯಾಚೆ ಉದ್ದನೆಯ ಕೊಠಡಿ, ಸಾಲಾಗಿ ಬಿಚ್ಚಿಟ್ಟ ಇಂಜಿನ್ನುಗಳು, ಅವುಗಳ ಮುಂದೆ ನೀಲಿ ಅಂಗಿಯವರು.

"ನಾನು ಕಣ್ಣಾರೆ ನೋಡಿದ್ದೀನಿ. ಆದ್ರೆ ನಾನು ನೋಡಿದ್ದು ಫೈಲಿಗೆ ಬರಲ್ಲಮ್ಮ," ಎಂದರು. ಮುಂದಿನ ವರ್ಷ ನೋಡೋಣ ಎಂದರು. ಚಿಕ್ಕಪ್ಪನ ಹತ್ತಿರ ತಾವೇ ಒಮ್ಮೆ ಮಾತಾಡಲೇ ಎಂದರು. ಅವಳು ಬೇಡ ಎಂದು ತಲೆಯಾಡಿಸಿದಳು. ಆಮೇಲೂ ಎದ್ದು ಹೋಗದೆ ನಿಂತೇ ಇದ್ದಳು. ಅವರಿಗೆ ಮುಜುಗರವಾಗತೊಡಗಿತು.

"ಇಲ್ಲಿ ಕಸ ಗುಡಿಸೋರು ಬೇಕಾ ಸಾರ್?"

ಆ ಕೆಲಸ ಎರಡು ತಿಂಗಳಿಂದ ಖಾಲಿ ಇತ್ತು. ಅದು ಅವಳಿಗೆ ಗೊತ್ತಿತ್ತು ಎಂದು ಮೇಷ್ಟ್ರಿಗೆ ಹೊಳೆಯಿತು. ಒಳಗೆ ಬರುವಾಗ ಧೂಳು ಕೂತ ಮೂಲೆಗಳನ್ನೆಲ್ಲ ನೋಡಿಕೊಂಡೇ ಬಂದಿದ್ದಳು.

"ಬೇಡ ಕಣಮ್ಮ. ನಿನಗೆ ಅದಲ್ಲ," ಎಂದರು ಕೊನೆಗೆ.

"ಅದಕ್ಕೆ ಕಾಗದ ಇದೆ ಸಾರ್," ಎಂದಳು ಅವಳು.

ಅವರು ಕಾಗದವನ್ನು ತಿರುವಿ ಹಾಕಿದರು, ಹಿಂದೆ ಏನಾದರೂ ಬರೆದಿದೆಯೇ ಎಂಬಂತೆ. ಆಮೇಲೆ ಅದಕ್ಕೆ ಪಿನ್ ಚುಚ್ಚಿ, ಬೇರೊಂದು ಫೈಲು ಹುಡುಕಿ ಅದರೊಳಗಿಟ್ಟರು. ಸೋಮವಾರ ಏಳು ಗಂಟೆಗೆ ಬಾ, ಪಾಠ ಶುರುವಾಗುವುದರೊಳಗೆ ಮುಗಿಸಿ ಹೊರಗೆ ಹೋಗಬೇಕು ಎಂದರು, ಅವಳ ಮುಖ ನೋಡದೆ.